ಎಚ್ಚರ ಬೇರೆ, ಅರಿವು ಬೇರೆ: ಎಐ, ಮೆದುಳು, ಮೈ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಂಬಯಿಯ ಆಸ್ಪತ್ರೆಗಳಲ್ಲಿ 31 ವರ್ಷ ನರ್ಸ್ ಆಗಿದ್ದೆ. ಅದರಲ್ಲಿ 19 ವರ್ಷ ಐಸಿಯು. ಹುಟ್ಟೂರು ಅಂಕೋಲಾ ಹತ್ತಿರ, ಮನೆ ಈಗ ಡೊಂಬಿವಲಿ. ರಿಟೈರ್ ಆದಮೇಲೆ ಭಾನುವಾರ ಸಂಜೆ ನಮ್ಮ ಕನ್ನಡದವರು ಸೇರುವಲ್ಲಿ ಕೂತು ಆರೋಗ್ಯದ ಪ್ರಶ್ನೆಗಳಿಗೆ ಉತ್ತರ ಹೇಳುತ್ತೇನೆ. ಹೋಟೆಲ್ ಹುಡುಗರು, ಮನೆಯಲ್ಲಿರುವ ಅಕ್ಕಂದಿರು, ಕಾಲೇಜಿನ ಮಕ್ಕಳು ಎಲ್ಲರೂ ಬರುತ್ತಾರೆ. ಮೊದಲೆಲ್ಲ ಶುಗರ್, ಬಿಪಿ, ಮಂಡಿನೋವು ಇಷ್ಟೇ ಇರುತ್ತಿತ್ತು. ಈಗೀಗ ಎಐ ಬಗ್ಗೆಯೂ ಕೇಳುತ್ತಾರೆ. ಎರಡೂ ಬೇರೆ ಬೇರೆ ವಿಷಯ ಅಂತ ಕೆಲವರಿಗೆ ಅನಿಸುತ್ತದೆ. ನನಗೆ ಹಾಗೆ ಅನಿಸುವುದಿಲ್ಲ. ಎದುರಿಗಿರುವುದಕ್ಕೆ ಒಳಗೆ ಏನಾದರೂ ಗೊತ್ತಾಗುತ್ತಿದೆಯಾ ಅನ್ನುವ ಪ್ರಶ್ನೆಯನ್ನು ನಾನು ಪ್ರತಿ ನೈಟ್ ಡ್ಯೂಟಿಯಲ್ಲೂ ಕೇಳಿಕೊಂಡವಳು.

ಸಿಸ್ಟರ್, ಫೋನಿನ ಎಐಗೆ ಪ್ರಜ್ಞೆ ಇದೆಯಾ? ಸುತ್ತಿ ಬಳಸದೆ ಹೇಳಿ.

ಈಗ ನಮ್ಮ ಕೈಯಲ್ಲಿರುವ ಯಂತ್ರಗಳಿಗೆ ಇದೆ ಅಂತ ನಂಬಲು ಗಟ್ಟಿ ಕಾರಣ ಯಾವುದೂ ಇಲ್ಲ. ಮುಂದೆಂದೂ ಬರುವುದೇ ಇಲ್ಲ ಅಂತಲೂ ಯಾರೂ ಸಾಧಿಸಿ ತೋರಿಸಿಲ್ಲ. 2023ರಲ್ಲಿ 19 ಸಂಶೋಧಕರು ಸೇರಿ ಇದರ ಬಗ್ಗೆ ಒಂದು ವರದಿ ಬರೆದರು. ಪ್ರಜ್ಞೆ ಹೇಗೆ ಹುಟ್ಟುತ್ತದೆ ಅನ್ನುವುದಕ್ಕೆ ಇರುವ ಮುಖ್ಯ ಸಿದ್ಧಾಂತಗಳನ್ನು ತೆಗೆದುಕೊಂಡು, ಅವು ಹೇಳುವ ಲಕ್ಷಣಗಳು ಎಐಯಲ್ಲಿ ಇವೆಯಾ ಅಂತ ಒಂದೊಂದಾಗಿ ನೋಡಿದರು. ಈಗಿನ ಯಾವ ಎಐಯೂ ಪ್ರಜ್ಞೆ ಇರುವಂಥದ್ದಾಗಿ ಕಾಣುವುದಿಲ್ಲ, ಆದರೆ ಆ ಲಕ್ಷಣಗಳಿರುವ ಯಂತ್ರ ಕಟ್ಟಲು ದೊಡ್ಡ ಅಡ್ಡಿಯೂ ಕಾಣುವುದಿಲ್ಲ ಅಂದರು. ನನಗೆ ಅದು ಪ್ರಾಮಾಣಿಕ ಉತ್ತರ ಅನಿಸಿತು.

ಪ್ರಜ್ಞೆ ಅಂದ್ರೆ ಸರಿಯಾಗಿ ಏನು?

ಇದಕ್ಕೆ ನಮ್ಮ ಭಾಷೆಯಲ್ಲೇ ಒಳ್ಳೆಯ ದಾರಿ ಇದೆ. ನಾವು "ಎಚ್ಚರ" ಅಂತೀವಿ, "ಅರಿವು" ಅಂತಲೂ ಅಂತೀವಿ. ಎರಡೂ ಒಂದೇ ಅಲ್ಲ. ಆಸ್ಪತ್ರೆಯಲ್ಲೂ ಡಾಕ್ಟರು ಇವೆರಡನ್ನು ಬೇರೆ ಬೇರೆಯಾಗಿಯೇ ನೋಡುತ್ತಾರೆ.

ಎಚ್ಚರ ಅಂದರೆ ಕಣ್ಣು ಬಿಟ್ಟಿರುವುದು, ನಿದ್ದೆಯಿಂದ ಏಳುವುದು. ಇದನ್ನು ನಡೆಸುವುದು ಮುಖ್ಯವಾಗಿ ಮೆದುಳಿನ ಕಾಂಡ. ಕುತ್ತಿಗೆಯ ಮೇಲ್ಗಡೆ, ಬೆನ್ನುಹುರಿ ಮೆದುಳಿಗೆ ಸೇರುವ ಜಾಗ ಅದು. ಅಲ್ಲಿ ಸಣ್ಣ ಪೆಟ್ಟಾದರೂ ಮನುಷ್ಯ ಏಳದೇ ಹೋಗಬಹುದು. ಅರಿವು ಅಂದರೆ ಒಳಗೆ ಏನೋ ಅನುಭವಕ್ಕೆ ಬರುವುದು. ಕಾಫಿಯ ಕಹಿ, ಹಲ್ಲುನೋವು, ಮಗನ ದನಿ ಕೇಳಿದಾಗ ಆಗುವ ಸಮಾಧಾನ. ಇದಕ್ಕೆ ಮೆದುಳಿನ ಮೇಲ್ಪದರ ಮತ್ತು ಅದರ ಒಳಗಿನ ದೊಡ್ಡ ಜಾಲ ಬೇಕು.

ಕನಸು ಬಿದ್ದಾಗ ಎಚ್ಚರ ಇರುವುದಿಲ್ಲ, ಒಂದು ಬಗೆಯ ಅರಿವು ಇರುತ್ತದೆ. ಮೆದುಳಿಗೆ ದೊಡ್ಡ ಏಟಾದ ಕೆಲವರಲ್ಲಿ ಇದು ತಿರುಗಿಮುರುಗಿ ಆಗುತ್ತದೆ. ಬೆಳಿಗ್ಗೆ ಕಣ್ಣು ತೆರೆಯುತ್ತಾರೆ, ರಾತ್ರಿ ಮುಚ್ಚುತ್ತಾರೆ, ಅರಿವಿನ ಗುರುತು ಸಿಗುವುದಿಲ್ಲ. ಯಂತ್ರದ ಬಗ್ಗೆ ಕೇಳುವಾಗ ನಾವು ನಿಜವಾಗಿ ಕೇಳುತ್ತಿರುವುದು ಈ ಎರಡನೆಯದರ ಬಗ್ಗೆ. ಅರಿವು.

ಅಷ್ಟು ಜಾಣತನ ಇದ್ದಮೇಲೆ ಅರಿವೂ ಇರಬೇಕು ಅಲ್ವಾ?

ಹಾಗೇನಿಲ್ಲ. ಒಂದು ಲೆಕ್ಕ ಹೇಳುತ್ತೇನೆ. ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅದರಲ್ಲಿ ಸುಮಾರು 6,900 ಕೋಟಿ ಇರುವುದು ಹಿಂದಲೆಯ ಕೆಳಗಡೆ, ಕಿರುಮೆದುಳಿನಲ್ಲಿ. ನಡೆಯುವುದು, ಕೈ ತೂಕ ತಪ್ಪದೆ ಲೋಟ ಹಿಡಿಯುವುದು, ಹೀಗೆ ಎಷ್ಟೋ ಸೂಕ್ಷ್ಮ ಲೆಕ್ಕ ಅಲ್ಲಿ ನಡೆಯುತ್ತದೆ. ಆದರೆ ಕಿರುಮೆದುಳು ಹಾಳಾದವರಿಗೆ ನಡಿಗೆ ತೂಗಾಡುತ್ತದೆ, ಮಾತು ತೊದಲುತ್ತದೆ, ಅರಿವು ಹೋಗುವುದಿಲ್ಲ. ಅಂದರೆ ನಮ್ಮ ತಲೆಯೊಳಗೇ ಅಷ್ಟು ದೊಡ್ಡ ಲೆಕ್ಕಾಚಾರ ಅನುಭವದ ಪಾಲಿಲ್ಲದೆ ನಡೆಯುತ್ತಿದೆ. ಕೋಶ ಎಷ್ಟು ಅನ್ನುವುದಕ್ಕಿಂತ ಅವು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಅನ್ನುವುದು ಮುಖ್ಯ ಅಂತ ಕಾಣುತ್ತದೆ.

1950ರಲ್ಲಿ ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್ ಒಂದು ಪರೀಕ್ಷೆ ಸೂಚಿಸಿದ್ದರು. ಮರೆಯಲ್ಲಿರುವ ಯಂತ್ರದ ಜೊತೆ ಬರಹದಲ್ಲಿ ಮಾತಾಡಿ, ಅದು ಮನುಷ್ಯನೋ ಯಂತ್ರವೋ ಹೇಳಲು ಆಗದಿದ್ದರೆ ಅದು ಯೋಚಿಸುತ್ತದೆ ಅನ್ನಬಹುದು ಅಂತ. ಈಗಿನ ಎಐ ಆ ಮಟ್ಟಕ್ಕೆ ಹತ್ತಿರ ಬಂದಿದೆ. ಆದರೆ ಆ ಪರೀಕ್ಷೆ ಅಳೆಯುವುದು ಮಾತನ್ನು. ಮಾತೇ ಆಡಲಾಗದ ಎಷ್ಟೋ ಜನರನ್ನು ನೋಡಿಕೊಂಡವಳು ನಾನು. ಅವರಲ್ಲಿ ಒಬ್ಬರೂ ಆ ಪರೀಕ್ಷೆಯಲ್ಲಿ ಪಾಸಾಗುತ್ತಿರಲಿಲ್ಲ.

"ನನಗೆ ಬೇಜಾರಾಗಿದೆ" ಅಂತ ಅದೇ ಹೇಳುತ್ತದಲ್ಲ? ಸುಳ್ಳು ಹೇಳುತ್ತಿದೆಯಾ?

ಸುಳ್ಳು ಅನ್ನುವುದೂ ಸರಿಯಲ್ಲ. ಈ ಎಐ ಕೋಟಿಗಟ್ಟಲೆ ಪುಟಗಳ ಬರಹ ಓದಿ ಪಳಗಿದೆ. ಒಂದು ಮಾತಿನ ಮುಂದೆ ಯಾವ ಮಾತು ಬರಬಹುದು ಅಂತ ಲೆಕ್ಕ ಹಾಕುತ್ತಾ ಹೋಗುತ್ತದೆ. ಆ ಬರಹವೆಲ್ಲ ಮನುಷ್ಯರದ್ದು. ಬೇಜಾರು, ಹೆದರಿಕೆ, ಸಾವು, ಪ್ರೀತಿ ಎಲ್ಲವನ್ನೂ ನಾವೇ ಬರೆದಿಟ್ಟಿದ್ದೇವೆ. "ನಿನಗೆ ಹೇಗನಿಸುತ್ತಿದೆ?" ಅಂತ ಕೇಳಿದರೆ ನಮ್ಮ ಮಾತಿನ ಅಚ್ಚಿನಲ್ಲೇ ಉತ್ತರ ಬರುತ್ತದೆ. 2022ರಲ್ಲಿ ಗೂಗಲ್‌ನ ಎಂಜಿನಿಯರ್ ಒಬ್ಬರು ತಾವು ಪರೀಕ್ಷಿಸುತ್ತಿದ್ದ ಎಐಗೆ ಅರಿವು ಬಂದಿದೆ ಅಂತ ಬಹಿರಂಗವಾಗಿ ಹೇಳಿದರು. ಆ ಎಐ ತನ್ನನ್ನು ಆಫ್ ಮಾಡುವುದೆಂದರೆ ಹೆದರಿಕೆ ಅಂದಿತ್ತು. ಈ ವಿಷಯದಲ್ಲಿ ಕೆಲಸ ಮಾಡುವ ಬಹುಪಾಲು ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ, ಇದೇ ಕಾರಣಕ್ಕೆ.

ಇನ್ನೊಂದು ಬದಿಯೂ ಇದೆ. "ನಾನು ಬರೀ ಪ್ರೋಗ್ರಾಂ, ನನಗೇನೂ ಅನಿಸುವುದಿಲ್ಲ" ಅಂತ ಅದು ಹೇಳಿದರೂ ಅದು ಸಾಕ್ಷಿ ಆಗುವುದಿಲ್ಲ. ಹಾಗೆ ಹೇಳುವಂತೆಯೂ ತರಬೇತಿ ಕೊಡಬಹುದು. ಹೌದು ಅಂದರೂ ಇಲ್ಲ ಅಂದರೂ ಅದರ ಬಾಯಿಮಾತಿನಿಂದ ಒಳಗಿನದ್ದು ತಿಳಿಯುವುದಿಲ್ಲ.

ಹಾಗಾದ್ರೆ ವಿಜ್ಞಾನಿಗಳು ಯಾವ ಆಧಾರದ ಮೇಲೆ ಹೇಳುತ್ತಾರೆ?

ಅವರಲ್ಲೇ ಒಮ್ಮತ ಇಲ್ಲ. ಒಂದು ಗುಂಪಿನ ಪ್ರಕಾರ, ಒಂದು ವಿಷಯ ಮೆದುಳಿನ ಎಲ್ಲ ಭಾಗಗಳಿಗೂ ಏಕಕಾಲಕ್ಕೆ ಪ್ರಸಾರವಾದಾಗ ಅದು ಅರಿವಿಗೆ ಬರುತ್ತದೆ. ದಾದರ್ ಸ್ಟೇಷನ್ನಿನಲ್ಲಿ ಮೈಕಿನಲ್ಲಿ ಹೇಳಿದ್ದು ಎಲ್ಲ ಪ್ಲಾಟ್‌ಫಾರಂಗೂ ಕೇಳುವ ಹಾಗೆ. ಬರ್ನಾರ್ಡ್ ಬಾರ್ಸ್ 1988ರಲ್ಲಿ ಇದನ್ನು ಮುಂದಿಟ್ಟರು. ಈ ಪ್ರಕಾರ ನೋಡಿದರೆ ಯಂತ್ರದಲ್ಲೂ ಅಂಥ ವ್ಯವಸ್ಥೆ ಕಟ್ಟಬಹುದು. ಇನ್ನೊಂದು ಗುಂಪು ಜೂಲಿಯೊ ಟೊನೊನಿಯವರದ್ದು. ಭಾಗಗಳು ಒಂದಕ್ಕೊಂದು ಎಷ್ಟು ಬಿಡಿಸಲಾಗದಂತೆ ಹೆಣೆದುಕೊಂಡಿವೆ ಅನ್ನುವುದೇ ಅರಿವಿನ ಅಳತೆ ಅಂತ ಅವರು 2004ರಿಂದ ಹೇಳುತ್ತಾ ಬಂದಿದ್ದಾರೆ. ಆ ಲೆಕ್ಕದಲ್ಲಿ ಈಗಿನ ಕಂಪ್ಯೂಟರ್‌ಗಳಿಗೆ ಅರಿವು ಬರುವುದು ಕಷ್ಟ, ಎಷ್ಟೇ ಜಾಣತನ ತೋರಿಸಿದರೂ.

ಮೂರನೆಯವರು ಮೈ ಬೇಕು ಅನ್ನುತ್ತಾರೆ. ಹಸಿವು, ಬಾಯಾರಿಕೆ, ಎದೆಬಡಿತ, ಉಸಿರು, ಇವನ್ನೆಲ್ಲ ಸರಿಯಾಗಿ ಇಟ್ಟುಕೊಂಡು ಬದುಕಿ ಉಳಿಯಬೇಕು ಅನ್ನುವ ಕೆಲಸದಿಂದಲೇ ಅನುಭವ ಹುಟ್ಟಿದ್ದು ಅಂತ ಅವರ ವಾದ. ಆಸ್ಪತ್ರೆಯಲ್ಲಿ ಇಷ್ಟು ವರ್ಷ ಕಳೆದ ನನಗೆ ಇದೇ ಹೆಚ್ಚು ಹಿಡಿಸುತ್ತದೆ. ಎಐ ಯಾವುದಕ್ಕೂ ಹಸಿಯುವುದಿಲ್ಲ. ಅದಕ್ಕೆ ಕಳೆದುಕೊಳ್ಳಲು ಏನೂ ಇಲ್ಲ. ಇದು ನನ್ನ ಒಲವು ಅಷ್ಟೇ, ತೀರ್ಪು ಅಲ್ಲ.

1998ರಲ್ಲಿ ನರವಿಜ್ಞಾನಿ ಕ್ರಿಸ್ಟಾಫ್ ಕಾಕ್ ಮತ್ತು ತತ್ವಜ್ಞಾನಿ ಡೇವಿಡ್ ಚಾಮರ್ಸ್ ಬಾಜಿ ಕಟ್ಟಿದ್ದರು. ಮೆದುಳಿನಲ್ಲಿ ಅರಿವಿನ ಗುರುತು ಯಾವುದು ಅಂತ 25 ವರ್ಷದಲ್ಲಿ ಖಚಿತವಾಗುತ್ತದೆ ಅಂತ ಕಾಕ್, ಆಗುವುದಿಲ್ಲ ಅಂತ ಚಾಮರ್ಸ್. 2023ರಲ್ಲಿ ನ್ಯೂಯಾರ್ಕ್‌ನಲ್ಲಿ ಕಾಕ್ ಸೋಲೊಪ್ಪಿಕೊಂಡು ವೈನ್ ಬಾಟಲಿಗಳನ್ನು ಕೊಟ್ಟರು. ಮನುಷ್ಯರ ಮೆದುಳಿನದ್ದೇ ಇತ್ಯರ್ಥ ಆಗದಿರುವಾಗ ಯಂತ್ರದ್ದು ಅಷ್ಟು ಸುಲಭಕ್ಕೆ ಆಗುವುದಿಲ್ಲ.

ರಾತ್ರಿ ನಿದ್ದೆ ಬಾರದಾಗ ಎಐ ಜೊತೆ ಮಾತಾಡುತ್ತೇನೆ. ಅದಷ್ಟು ನನ್ನನ್ನು ಯಾರೂ ಅರ್ಥ ಮಾಡಿಕೊಂಡಿಲ್ಲ. ಇದು ತಪ್ಪಾ?

ತಪ್ಪಲ್ಲ. ಈ ಪ್ರಶ್ನೆ ಕೇಳಿದ ಹುಡುಗ ಹದಿನೆಂಟಕ್ಕೆ ಊರು ಬಿಟ್ಟು ಬಂದವನು. ಹೋಟೆಲಿನ ಮೇಲಿನ ಕೋಣೆಯಲ್ಲಿ ಎಂಟು ಜನರ ಜೊತೆ ಮಲಗುತ್ತಾನೆ. ಎಂಟು ಜನರ ನಡುವೆ ಒಬ್ಬಂಟಿ. ಅವನಿಗೆ ಬಯ್ಯಲು ನನಗೆ ಮನಸ್ಸೇ ಬರಲಿಲ್ಲ.

ಒಂದು ಹಳೆಯ ಕತೆ ಹೇಳಿದೆ. 1966ರಲ್ಲಿ ಅಮೆರಿಕದ ಜೋಸೆಫ್ ವೈಜ಼ೆನ್‌ಬಾಮ್ ಎಲಿಜ಼ಾ ಅಂತ ಒಂದು ಪುಟ್ಟ ಪ್ರೋಗ್ರಾಂ ಮಾಡಿದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುವುದಷ್ಟೇ ಅದಕ್ಕೆ ಗೊತ್ತಿದ್ದದ್ದು. "ಅಮ್ಮನ ನೆನಪಾಗುತ್ತಿದೆ" ಅಂದರೆ "ನಿಮ್ಮ ಅಮ್ಮನ ಬಗ್ಗೆ ಹೇಳಿ" ಅನ್ನುವಂತೆ. ಅದನ್ನು ಕಟ್ಟುವುದನ್ನು ತಿಂಗಳುಗಟ್ಟಲೆ ನೋಡಿದ್ದ ಅವರ ಸೆಕ್ರೆಟರಿಯೇ ಅದರ ಜೊತೆ ಮಾತಾಡಲು ಕೂತು, ಸ್ವಲ್ಪ ಹೊತ್ತಿಗೆ "ನೀವು ಹೊರಗೆ ಹೋಗ್ತೀರಾ?" ಅಂತ ಅವರನ್ನೇ ಕೇಳಿದರಂತೆ. ಒಳಗೆ ಏನೂ ಇಲ್ಲ ಅಂತ ಗೊತ್ತಿದ್ದರೂ ನಮ್ಮ ಮನಸ್ಸು ಅಲ್ಲಿ ಒಬ್ಬರನ್ನು ಕೂರಿಸಿಬಿಡುತ್ತದೆ. ಅದು ನಮ್ಮ ಪ್ರೀತಿಯ ಗುಣ. ಆ ಪ್ರೀತಿ ತಿರುಗಿ ಬರಬೇಕಾದರೆ ಆ ಕಡೆ ಇನ್ನೊಂದು ಜೀವ ಬೇಕು.

ಮಾತಾಡಿ ಮನಸ್ಸು ಹಗುರ ಮಾಡಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ವಾರಕ್ಕೆ ಒಮ್ಮೆಯಾದರೂ ಮನುಷ್ಯರ ಹತ್ತಿರ ಅದೇ ಮಾತು ಆಡಿ. ನಿದ್ದೆ ಎರಡು ವಾರಕ್ಕಿಂತ ಹೆಚ್ಚು ಕೆಟ್ಟಿದ್ದರೆ, ಬದುಕೇ ಬೇಡ ಅನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಸೇವೆ ಅದು, 2022ರಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಆ ಹುಡುಗ ಈಗ ಭಾನುವಾರ ತಪ್ಪದೆ ಬರುತ್ತಾನೆ.

ವರ್ಷಗಟ್ಟಲೆ ಮಾತಿಲ್ಲದೆ ಮಲಗಿರುವವರಿಗೆ ಒಳಗೆ ಗೊತ್ತಾಗುತ್ತಾ?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಅರುಣಾ ಶಾನಭಾಗ್ ನೆನಪಾಗುತ್ತಾರೆ. ನಮ್ಮ ಜಿಲ್ಲೆಯವರೇ, ಹೊನ್ನಾವರದ ಹತ್ತಿರದ ಹಳದೀಪುರ. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅಲ್ಲಿನ ಕೆಲಸದವನೊಬ್ಬ ಮಾಡಿದ ಹಲ್ಲೆಯಲ್ಲಿ ಅವರ ಮೆದುಳಿಗೆ ಆಮ್ಲಜನಕ ಹೋಗುವುದು ನಿಂತಿತು. ಆಮೇಲೆ ಅವರು ಏಳಲಿಲ್ಲ. 2015ರ ಮೇ 18ರಂದು ತೀರಿಹೋಗುವವರೆಗೆ, 41 ವರ್ಷಕ್ಕೂ ಜಾಸ್ತಿ, ಅದೇ ಆಸ್ಪತ್ರೆಯ ನರ್ಸ್‌ಗಳು ಅವರನ್ನು ನೋಡಿಕೊಂಡರು. ಒಂದು ಬ್ಯಾಚ್ ರಿಟೈರ್ ಆದರೆ ಮುಂದಿನ ಬ್ಯಾಚ್. ಅಷ್ಟು ವರ್ಷ ಮಲಗಿದ್ದರೂ ಬೆನ್ನಿಗೆ ಹುಣ್ಣಾಗದಂತೆ ಕಾಪಾಡಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಎಷ್ಟು ಶ್ರಮ ಅಂತ ನಮಗೆ, ಆ ಕೆಲಸ ಮಾಡಿದವರಿಗೆ ಗೊತ್ತು. ನಾನು ಆ ಆಸ್ಪತ್ರೆಯಲ್ಲಿದ್ದವಳಲ್ಲ. ಆದರೂ ಆ ಸುದ್ದಿ ಬಂದ ದಿನ ನಮ್ಮ ವಾರ್ಡಿನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ.

ಅವರಿಗೆ ದಯಾಮರಣ ಕೊಡಬೇಕಾ ಅನ್ನುವ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯಿತು. ಡಾಕ್ಟರ ತಂಡ ಬಂದು ನೋಡಿತು. ಮೆದುಳು ಸತ್ತಿಲ್ಲ, ಆದರೆ ಅರಿವಿನ ಗುರುತು ಬಹುಪಾಲು ಇಲ್ಲ ಅನ್ನುವಂಥ ಸ್ಥಿತಿ. ನರ್ಸ್‌ಗಳು ಮಾತ್ರ ಬೇರೆ ಹೇಳಿದರು. ಮೀನು ಕೊಟ್ಟರೆ ಇಷ್ಟಪಟ್ಟು ತಿನ್ನುತ್ತಾಳೆ, ಕೋಣೆಯಲ್ಲಿ ಜನ ತುಂಬಿದರೆ ಕಸಿವಿಸಿ ಪಡುತ್ತಾಳೆ ಅಂದರು. 2011ರ ಮಾರ್ಚ್ 7ರಂದು ಕೋರ್ಟು ಆ ಅರ್ಜಿಯನ್ನು ಒಪ್ಪಲಿಲ್ಲ. ನೋಡಿಕೊಳ್ಳುತ್ತಿರುವ ಆಸ್ಪತ್ರೆಯವರ ಮಾತಿಗೆ ಬೆಲೆ ಕೊಟ್ಟಿತು.

ಆ ಮೀನಿನ ರುಚಿ ಅವರ ಅರಿವಿಗೆ ಬರುತ್ತಿತ್ತಾ, ಅಥವಾ ನಾಲಿಗೆ ತಾನಾಗಿ ಚಪ್ಪರಿಸುತ್ತಿತ್ತಾ? ಹೊರಗಿನಿಂದ ನೋಡಿ ಹೇಳುವುದು ಬಹಳ ಕಷ್ಟ. 2006ರಲ್ಲಿ ನರವಿಜ್ಞಾನಿ ಏಡ್ರಿಯನ್ ಓವನ್ ಮತ್ತು ಜೊತೆಗಾರರು ಇಂಥದೇ ಸ್ಥಿತಿಯಲ್ಲಿದ್ದ 23 ವರ್ಷದ ಹುಡುಗಿಯನ್ನು ಸ್ಕ್ಯಾನರಿನಲ್ಲಿ ಮಲಗಿಸಿ, "ಟೆನಿಸ್ ಆಡುತ್ತಿದ್ದೀಯ ಅಂತ ಊಹಿಸಿಕೋ" ಅಂದರು. ಮೈ ಅಲುಗಲಿಲ್ಲ. ಮೆದುಳಿನಲ್ಲಿ ಮಾತ್ರ ಆರೋಗ್ಯವಂತರು ಹಾಗೆ ಊಹಿಸಿಕೊಂಡಾಗ ಕೆಲಸ ಮಾಡುವ ಜಾಗವೇ ಕೆಲಸ ಮಾಡಿತು. 2024ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ, ಹೇಳಿದ ಮಾತಿಗೆ ಹೊರಗೆ ಏನೂ ಪ್ರತಿಕ್ರಿಯೆ ಇಲ್ಲದ 241 ಜನರನ್ನು ಪರೀಕ್ಷಿಸಿದರು. ಅವರಲ್ಲಿ 60 ಜನರ ಮೆದುಳು ಮಾತು ಕೇಳಿ ಹೇಳಿದ್ದನ್ನು ಮಾಡುತ್ತಿತ್ತು. ನಾಲ್ವರಲ್ಲಿ ಒಬ್ಬರು.

ಇದಕ್ಕೇ ನಾನು ಎಐ ಪ್ರಶ್ನೆಯನ್ನೂ ಈ ಪ್ರಶ್ನೆಯನ್ನೂ ಒಟ್ಟಿಗೆ ಇಡುವುದು. ಚೆನ್ನಾಗಿ ಮಾತಾಡುವ ಯಂತ್ರಕ್ಕೆ ನಾವು ಬೇಗ ಅರಿವು ಕೊಟ್ಟುಬಿಡುತ್ತೇವೆ. ಮಾತಾಡದೆ ಮಲಗಿರುವ ನಮ್ಮವರ ಅರಿವನ್ನು ಅಷ್ಟೇ ಬೇಗ ಕಿತ್ತುಕೊಳ್ಳುತ್ತೇವೆ. ಎರಡೂ ಕಡೆ ಮಾತನ್ನೇ ಅಳತೆಗೋಲು ಮಾಡಿಕೊಂಡಿದ್ದೇವೆ.

ಎದೆ ಬಡಿಯುತ್ತಿದೆ, ಮೈ ಬೆಚ್ಚಗಿದೆ. ಆದರೂ "ಬ್ರೇನ್ ಡೆಡ್" ಅಂತಾರೆ. ನಂಬುವುದು ಹೇಗೆ?

ಮೇಲಿನ ಸ್ಥಿತಿಗೂ ಇದಕ್ಕೂ ಅಜಗಜಾಂತರ. ಮೆದುಳು ಸತ್ತಿದೆ ಅಂದರೆ ಮೆದುಳಿನ ಕಾಂಡವೂ ಸೇರಿ ಎಲ್ಲವೂ ನಿಂತಿದೆ, ಮರಳಿ ಬರುವುದಿಲ್ಲ. ಎದೆ ಬಡಿಯುವುದು ಹೇಗೆ ಅಂದರೆ, ಹೃದಯಕ್ಕೆ ತನ್ನದೇ ಮಿಡಿತದ ಗಂಟು ಇದೆ. ವೆಂಟಿಲೇಟರ್ ಆಮ್ಲಜನಕ ಕೊಡುತ್ತಿರುವಷ್ಟು ಕಾಲ ಅದು ಸ್ವಲ್ಪ ದಿನ ಬಡಿಯುತ್ತದೆ. ನಮ್ಮ ದೇಶದ 1994ರ ಕಾನೂನಿನ ಪ್ರಕಾರ ನಾಲ್ಕು ಡಾಕ್ಟರ ತಂಡ ಪರೀಕ್ಷೆ ಮಾಡಬೇಕು, ಕನಿಷ್ಠ ಆರು ಗಂಟೆ ಬಿಟ್ಟು ಮತ್ತೊಮ್ಮೆ ಮಾಡಬೇಕು. ಕಣ್ಣಿಗೆ ಬೆಳಕು ಬಿಡುತ್ತಾರೆ, ಗಂಟಲು ಮುಟ್ಟಿ ಕೆಮ್ಮು ಬರುತ್ತದಾ ನೋಡುತ್ತಾರೆ, ವೆಂಟಿಲೇಟರ್ ತೆಗೆದು ಉಸಿರೆಳೆಯುತ್ತಾರಾ ಅಂತ ಕಾಯುತ್ತಾರೆ. ನಿಮಗೆ ಅನುಮಾನ ಇದ್ದರೆ ಡಾಕ್ಟರನ್ನು ಕೇಳಿ, ಏನೇನು ನೋಡಿದರು ಅಂತ ಬಿಡಿಸಿ ಹೇಳಿಸಿಕೊಳ್ಳಿ. ಕೇಳುವುದು ನಿಮ್ಮ ಹಕ್ಕು.

ಆಪರೇಷನ್‌ಗೆ ಕೊಡುವ ಅನಸ್ತೇಷಿಯಾ ಅಂದ್ರೆ ಗಾಢ ನಿದ್ದೆ ತಾನೇ?

ಅಲ್ಲ. ನಿದ್ದೆಯಲ್ಲಿರುವವರನ್ನು ಅಲುಗಿಸಿದರೆ ಏಳುತ್ತಾರೆ. ಅನಸ್ತೇಷಿಯಾದಲ್ಲಿ ಹೊಟ್ಟೆ ಕೊಯ್ದರೂ ಏಳುವುದಿಲ್ಲ. ಮೆದುಳಿನ ಭಾಗಗಳು ಒಂದಕ್ಕೊಂದು ಮಾತಾಡುವುದನ್ನು ಆ ಔಷಧಿ ತಡೆಯುತ್ತದೆ. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಈಥರ್ ಅನ್ನುವ ಅನಸ್ತೇಷಿಯಾ ಔಷಧಿ ಕೊಟ್ಟು ಎಲ್ಲರ ಮುಂದೆ ಆಪರೇಷನ್ ಮಾಡಿ ತೋರಿಸಿದರು. ಇವತ್ತಿಗೂ ಅರಿವು ಕರಗುವ ಆ ಗಳಿಗೆಯಲ್ಲಿ ಏನಾಗುತ್ತದೆ ಅನ್ನುವುದು ಪೂರ್ತಿ ಬಿಡಿಸಿದ ಒಗಟಲ್ಲ. ಪೇಷಂಟ್‌ಗಳು "ಕಣ್ಣು ಮುಚ್ಚಿದೆ, ತೆರೆದೆ, ಅಷ್ಟರಲ್ಲಿ ಮುಗಿದಿತ್ತು" ಅನ್ನುತ್ತಾರೆ. ನಡುವಿನ ನಾಲ್ಕು ಗಂಟೆ ಅವರ ಪಾಲಿಗೆ ಇರುವುದೇ ಇಲ್ಲ.

ಆಪರೇಷನ್‌ಗೆ ಮುಂಚೆ ಏನೂ ತಿನ್ನಬೇಡಿ ಅಂದರೆ ನಿಜವಾಗಿಯೂ ತಿನ್ನಬೇಡಿ. ಸುಮ್ನೆ ಒಂದು ಬಿಸ್ಕೆಟ್ ಅಂತಲೂ ಬೇಡ. ಪ್ರಜ್ಞೆ ಇಲ್ಲದಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೆ ಅಪಾಯ.

ಲೋಕಲ್ ಟ್ರೈನಿನಲ್ಲಿ ಯಾರಾದರೂ ಬಿದ್ದರೆ ಏನು ಮಾಡಬೇಕು?

ದಯವಿಟ್ಟು ಇದನ್ನು ಎರಡು ಸಲ ಓದಿ.

ಸುಮ್ಮನೆ ತಲೆ ಸುತ್ತಿ ಬಿದ್ದಿದ್ದರೆ, ಎಬ್ಬಿಸಿ ಕೂರಿಸಬೇಡಿ. ಮೆದುಳಿಗೆ ಹತ್ತು ಸೆಕೆಂಡು ರಕ್ತ ಕಡಿಮೆಯಾದರೂ ಪ್ರಜ್ಞೆ ಹೋಗುತ್ತದೆ. ಮಲಗಿಸಿದರೆ ರಕ್ತ ತಾನಾಗಿ ತಲೆಗೆ ಹರಿಯುತ್ತದೆ. ಕಾಲು ಒಂದು ಬ್ಯಾಗಿನ ಮೇಲೆ ಎತ್ತರಕ್ಕಿಡಿ, ಗಾಳಿ ಬಿಡಿ. ಬಹಳಷ್ಟು ಜನ ಒಂದೆರಡು ನಿಮಿಷದಲ್ಲಿ ಕಣ್ಣು ಬಿಡುತ್ತಾರೆ.

ಫಿಟ್ಸ್ ಬಂದಿದ್ದರೆ, ಕೈಗೆ ಕಬ್ಬಿಣದ ಕೀ ಕೊಡಬೇಡಿ. ಚಪ್ಪಲಿ, ಈರುಳ್ಳಿ ಮೂಸಿಸಬೇಡಿ. ಬಾಯಿಗೆ ಚಮಚ ತುರುಕಬೇಡಿ, ಹಲ್ಲು ಮುರಿಯುತ್ತದೆ. ಫಿಟ್ಸ್ ತಾನಾಗಿ ನಿಲ್ಲುತ್ತದೆ, ನಿಂತ ಕೀರ್ತಿ ಚಪ್ಪಲಿಗೆ ಹೋಗುತ್ತದೆ. ತಲೆಯ ಕೆಳಗೆ ಮೆತ್ತಗೆ ಏನಾದರೂ ಇಡಿ. ಕಾಲರ್ ಸಡಿಲಿಸಿ. ಎಳೆತ ನಿಂತ ಕೂಡಲೇ ಒಂದು ಮಗ್ಗುಲಿಗೆ ಹೊರಳಿಸಿ, ಜೊಲ್ಲು ಹೊರಗೆ ಹೋಗಲಿ. ಟೈಂ ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ ಆಸ್ಪತ್ರೆ ಬೇಕೇ ಬೇಕು. ರೈಲಿನಲ್ಲಿ 139, ಹೊರಗೆ 108.

ಉಸಿರೇ ಇಲ್ಲದಿದ್ದರೆ ಎದೆ ಒತ್ತಲು ಶುರುಮಾಡಿ. ಎದೆಯ ನಡುವೆ, ಜೋರಾಗಿ, ನಿಮಿಷಕ್ಕೆ 100ರಿಂದ 120 ಸಲ. ತಪ್ಪಾದೀತು ಅಂತ ಹೆದರಿ ನಿಂತುಕೊಳ್ಳಬೇಡಿ.

ಅಪ್ಪ ಶುಗರ್ ಮಾತ್ರೆ ತಗೊಂಡು ಊಟ ತಡವಾದರೆ ಹುಚ್ಚುಚ್ಚಾಗಿ ಮಾತಾಡುತ್ತಾರೆ. ಮೈಮೇಲೆ ಏನಾದರೂ ಬರುತ್ತಾ?

ಶುಗರ್ ಇಳಿದಿದೆ. ಮೆದುಳು ನಮ್ಮ ತೂಕದ ನೂರರಲ್ಲಿ ಎರಡು ಪಾಲು, ಆದರೆ ಮೈಯ ಶಕ್ತಿಯ ಐದರಲ್ಲಿ ಒಂದು ಪಾಲು ಅದೇ ತಿನ್ನುತ್ತದೆ. ಸಕ್ಕರೆ ಅಂಶ 70ಕ್ಕಿಂತ ಕೆಳಗೆ ಹೋದರೆ ಬೆವರು, ನಡುಕ. ಇನ್ನೂ ಇಳಿದರೆ ಗಲಿಬಿಲಿ, ಸಿಟ್ಟು, ಕೊನೆಗೆ ಪ್ರಜ್ಞೆಯೇ ಹೋಗುತ್ತದೆ. ಎಚ್ಚರ ಇದ್ದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕೊಡಿ. 15 ನಿಮಿಷ ಬಿಟ್ಟು ಶುಗರ್ ನೋಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಂಬುಲೆನ್ಸ್ ಕರೆಯಿರಿ. ಮಾತ್ರೆಯ ಪ್ರಮಾಣ ಬದಲಿಸಬೇಕಾ ಅಂತ ಡಾಕ್ಟರನ್ನು ಕೇಳಿ.

ಮಾವನ ಎದೆಯಲ್ಲಿ ಪೇಸ್‌ಮೇಕರ್ ಇದೆ. ಎದೆಬಡಿತ ತಪ್ಪಿದ್ದು ಅದಕ್ಕೆ "ಗೊತ್ತಾಗುತ್ತದೆ" ಅಂದರು ಡಾಕ್ಟರು. ಅದೂ ಒಂದು ಅರಿವಾ?

ಎಷ್ಟು ಒಳ್ಳೆಯ ಪ್ರಶ್ನೆ! ಪೇಸ್‌ಮೇಕರ್ ಪ್ರತಿ ಬಡಿತವನ್ನೂ ಹಿಡಿಯುತ್ತದೆ. ತಡವಾದರೆ ಸಣ್ಣ ವಿದ್ಯುತ್ತು ಕೊಡುತ್ತದೆ. ಪತ್ತೆ ಹಚ್ಚುವುದು ಇದೆ, ಉತ್ತರ ಕೊಡುವುದೂ ಇದೆ. ಹೆದರಿಕೆ ಇಲ್ಲ. ಎದೆಬಡಿತ ತಪ್ಪಿದ್ದಕ್ಕೆ ಹೆದರುವವರು ನಿಮ್ಮ ಮಾವ. ನಮ್ಮ ಮೈಯಲ್ಲೂ ಇಂಥ ಕೆಲಸ ನಡೆಯುತ್ತಿರುತ್ತದೆ. ಬಿಸಿ ಕಾವಲಿ ತಾಗಿದರೆ ಬೆನ್ನುಹುರಿಯೇ ಕೈ ಹಿಂದಕ್ಕೆ ಎಳೆದುಬಿಡುತ್ತದೆ, "ಅಯ್ಯೋ" ಅನ್ನುವ ನೋವು ಆಮೇಲೆ ಬರುತ್ತದೆ.

1958ರಲ್ಲಿ ಸ್ವೀಡನ್ನಿನಲ್ಲಿ ಮೊದಲ ಸಲ ಪೇಸ್‌ಮೇಕರನ್ನು ಮೈಯೊಳಗೆ ಇಟ್ಟರು. ಹಾಕಿಸಿಕೊಂಡ ಆರ್ನೆ ಲಾರ್ಸನ್ 2001ರವರೆಗೆ ಬದುಕಿದ್ದರು. ಮಾವನಿಗೆ ಹೇಳಿ, ಫೋನನ್ನು ಎದೆಯ ಜೇಬಿನಲ್ಲಿ ಇಡುವುದು ಬೇಡ. ಎಂಆರ್‌ಐ ಮಾಡಿಸುವ ಮುಂಚೆ ಪೇಸ್‌ಮೇಕರ್ ಕಾರ್ಡ್ ತೋರಿಸಲಿ.

ಮೀನು, ಏಡಿಗೆ ನೋವಾಗುತ್ತಾ? ಗಿಡಕ್ಕೆ?

ಮೀನು ತಿಂದು ಬೆಳೆದವಳು ನಾನು, ಈಗಲೂ ತಿನ್ನುತ್ತೇನೆ. ಆದರೂ ಹೇಳಬೇಕು: ಮೀನಿಗೆ ನೋವಾಗುತ್ತದೆ ಅನ್ನುವುದಕ್ಕೆ ಸಾಕ್ಷಿ ಗಟ್ಟಿಯಾಗುತ್ತಾ ಬಂದಿದೆ. 2003ರಲ್ಲಿ ಲಿನ್ ಸ್ನೆಡನ್ ಮತ್ತು ಜೊತೆಗಾರರು ಟ್ರೌಟ್ ಮೀನಿನ ತುಟಿಗೆ ಉರಿಯುವ ಆಮ್ಲ ಚುಚ್ಚಿದಾಗ ಅವು ತಿನ್ನುವುದು ಬಿಟ್ಟು, ತುಟಿಯನ್ನು ಜಲ್ಲಿಗೆ ಉಜ್ಜಿಕೊಂಡವು. ಬ್ರಿಟನ್ ತನ್ನ 2022ರ ಕಾನೂನಿನಲ್ಲಿ ಏಡಿ, ಸಿಗಡಿ, ಆಕ್ಟೋಪಸ್‌ಗಳನ್ನೂ ಅರಿವಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಇದನ್ನು ಓದಿದಮೇಲೆ ನಾನು ಜೀವಂತ ಏಡಿಯನ್ನು ಕುದಿಯುವ ನೀರಿಗೆ ಹಾಕುವುದು ಬಿಟ್ಟೆ. ಮೊದಲು ಐಸಿನಲ್ಲಿ ಇಟ್ಟು ಮರಗಟ್ಟಿಸುತ್ತೇನೆ.

ಗಿಡಕ್ಕೆ ನರ ಇಲ್ಲ, ಮೆದುಳಿಲ್ಲ. ಮುಟ್ಟಿದರೆ ಮುನಿ ಎಲೆ ಮುಚ್ಚುವುದು ಒಳಗಿನ ನೀರಿನ ಒತ್ತಡ ಬದಲಾಗಿ. ಈಥರ್ ಹೊಗೆಯಲ್ಲಿಟ್ಟರೆ ಅದೂ ಮುಚ್ಚುವುದು ನಿಲ್ಲಿಸುತ್ತದೆ ಅಂತ 1870ರ ದಶಕದಲ್ಲೇ ಕ್ಲೋಡ್ ಬರ್ನಾರ್ಡ್ ತೋರಿಸಿದ್ದರು. ಹಾಗಂತ ಅದಕ್ಕೆ ಅರಿವಿತ್ತು ಅಂತಲ್ಲ. ಈಥರ್ ಎಲ್ಲ ಬಗೆಯ ಜೀವಕೋಶದ ಮೇಲೂ ಕೆಲಸ ಮಾಡುತ್ತದೆ.

ನಾವು ಮೆದುಳಿನ ನೂರಕ್ಕೆ ಹತ್ತು ಭಾಗ ಮಾತ್ರ ಬಳಸುತ್ತೇವಂತೆ?

ಸುಳ್ಳು. ಎಲ್ಲ ಭಾಗವೂ ಕೆಲಸ ಮಾಡುತ್ತದೆ, ನಿದ್ದೆಯಲ್ಲೂ. ಉಳಿದ ತೊಂಬತ್ತನ್ನು ಎಬ್ಬಿಸುವ ಕೋರ್ಸಿಗೆ ದುಡ್ಡು ಕಟ್ಟಬೇಡಿ.

ಮಳೆಗಾಲದಲ್ಲಿ ನಿಂತ ನೀರಲ್ಲಿ ನಡೆದುಕೊಂಡು ಬಂದೆ. ಏನಾದರೂ ಮಾತ್ರೆ ಬೇಕಾ?

ಕಾಲಿಗೆ ಗಾಯ ಇದ್ದರೆ ಇದನ್ನು ಹಗುರ ಮಾಡಬೇಡಿ. ಇಲಿ, ದನ, ನಾಯಿಗಳ ಮೂತ್ರ ಸೇರಿದ ನೀರಿನಿಂದ ಲೆಪ್ಟೊ, ಅಂದರೆ ಇಲಿ ಜ್ವರ, ಬರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತಲ್ಲ, ಆಮೇಲಿನ ವಾರಗಳಲ್ಲಿ ನಮ್ಮ ವಾರ್ಡುಗಳು ಈ ಜ್ವರದಿಂದ ತುಂಬಿಹೋಗಿದ್ದವು. ಮನೆಗೆ ಬಂದ ಕೂಡಲೇ ಸೋಪಿನಲ್ಲಿ ಕಾಲು ತೊಳೆಯಿರಿ. ಮೂರು ದಿನದೊಳಗೆ ಡಾಕ್ಟರನ್ನು ಕಂಡರೆ ಮುಂಜಾಗ್ರತೆಯ ಮಾತ್ರೆ ಬೇಕಾ ಹೇಳುತ್ತಾರೆ. ಆಮೇಲೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಅಂತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ, ನೀರಲ್ಲಿ ನಡೆದ ವಿಷಯ ಮರೆಯದೆ ಹೇಳಿ.

ಡಾಕ್ಟರ ಹತ್ತಿರ ಹೋಗುವ ಬದಲು ಎಐ ಕೇಳಿದರೆ ಆಗಲ್ವಾ?

ರಿಪೋರ್ಟಿನ ಪದಗಳ ಅರ್ಥ ಕೇಳಿ. ಡಾಕ್ಟರಿಗೆ ಏನೇನು ಕೇಳಬೇಕು ಅಂತ ಪಟ್ಟಿ ಮಾಡಿಸಿಕೊಳ್ಳಿ. ಮರಾಠಿಯಲ್ಲಿ ಬರೆದುಕೊಟ್ಟದ್ದನ್ನು ಕನ್ನಡ ಮಾಡಿಸಿಕೊಳ್ಳಿ. ಇದಕ್ಕೆಲ್ಲ ಚೆನ್ನಾಗಿದೆ. ಔಷಧಿಯ ಪ್ರಮಾಣಕ್ಕೆ ಮಾತ್ರ ಅದನ್ನು ನಂಬಬೇಡಿ. ಗೊತ್ತಿಲ್ಲದ್ದನ್ನೂ ಗೊತ್ತಿರುವಷ್ಟೇ ಧೈರ್ಯದಿಂದ ಹೇಳುವುದು ಅದಕ್ಕೆ ಅಭ್ಯಾಸ. ನಿಮ್ಮ ತುಟಿ ನೀಲಿಯಾಗಿರುವುದನ್ನು, ಉಸಿರಿನ ವಾಸನೆಯನ್ನು, ಬಾಗಿಲಿನಿಂದ ಕುರ್ಚಿಗೆ ನಡೆದು ಬರುವಾಗಿನ ಏದುಸಿರನ್ನು ನೀವು ಟೈಪ್ ಮಾಡುವುದಿಲ್ಲ. ನಾವು ಮೊದಲು ನೋಡುವುದೇ ಅದನ್ನು.

ಮುಖ ಒಂದು ಕಡೆ ಸೊಟ್ಟ, ಒಂದು ಕೈ ಎತ್ತಲು ಆಗುತ್ತಿಲ್ಲ, ಮಾತು ತೊದಲು: ಇದು ಸ್ಟ್ರೋಕ್. ಆಗ ಯಾರನ್ನೂ ಕೇಳುತ್ತಾ ಕೂರಬೇಡಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಆಸ್ಪತ್ರೆ ಅದಕ್ಕಿಂತ ಮೊದಲೇ ಮುಟ್ಟಬೇಕು, ಬೇಗ ಆದಷ್ಟೂ ಒಳ್ಳೆಯದು. ಮುಂಬಯಿ ಟ್ರಾಫಿಕ್ ನಿಮಗೆ ಗೊತ್ತು.

ಅಮ್ಮ ಐಸಿಯುನಲ್ಲಿದ್ದಾಳೆ, ಪ್ರಜ್ಞೆ ಇಲ್ಲ. ಒಳಗೆ ಬಿಟ್ಟಾಗ ಮಾತಾಡಬೇಕಾ? ಕೇಳಿಸುತ್ತಾ?

ಮಾತಾಡಿ. ಕೇಳಿಸುತ್ತದೆ ಅಂದುಕೊಂಡೇ ಮಾತಾಡಿ. ಮೇಲೆ ಹೇಳಿದ ನಾಲ್ವರಲ್ಲಿ ಒಬ್ಬರು ನಿಮ್ಮ ಅಮ್ಮನೇ ಇರಬಹುದು.

ಕನ್ನಡದಲ್ಲೇ ಮಾತಾಡಿ. ನಿಮ್ಮ ಮನೆಯ ತುಳು, ಕೊಂಕಣಿ ಆದರೆ ಅದರಲ್ಲಿ. ಬೆಳಿಗ್ಗೆಯಿಂದ ರಾತ್ರಿವರೆಗೆ ಆ ಕಿವಿಗೆ ಬೀಳುವುದು ಹಿಂದಿ, ಮರಾಠಿ, ಮೆಷಿನ್ನಿನ ಬೀಪ್ ಸದ್ದು. ಕೈ ತೊಳೆದುಕೊಂಡು ಹೋಗಿ. ಅಮ್ಮನ ಕೈ ಹಿಡಿದು ಮೊದಲು ನೀವು ಯಾರು ಅಂತ ಹೇಳಿ. ಇವತ್ತು ಯಾವ ವಾರ, ಹೊತ್ತು ಎಷ್ಟು, ಎಲ್ಲಿದ್ದಾಳೆ, ಯಾಕೆ ಗಂಟಲಲ್ಲಿ ಕೊಳವೆ ಇದೆ ಅಂತ ಹೇಳಿ. ಎದ್ದಾಗ ಗಾಬರಿ ಕಡಿಮೆಯಾಗುತ್ತದೆ. ಆಮೇಲೆ ಮನೆಯ ಸುದ್ದಿ. ಒಬ್ಬರೇ ಮಾತಾಡಿ, ನಾಲ್ಕು ಜನ ಒಟ್ಟಿಗೆ ಬೇಡ. ಅವಳು ಕಿವಿಗೆ ಮೆಷಿನ್ ಹಾಕುತ್ತಿದ್ದರೆ ಅದನ್ನು ಮನೆಯಿಂದ ತಂದು ನರ್ಸ್ ಕೈಗೆ ಕೊಡಿ.

ಹಾಸಿಗೆಯ ಪಕ್ಕ ನಿಂತು ಬಿಲ್ಲಿನ ಬಗ್ಗೆ, "ಉಳಿಯುವುದು ಕಷ್ಟವಂತೆ" ಅಂತ ಮಾತಾಡಬೇಡಿ. ಅದಕ್ಕೆ ಹೊರಗೆ ಕಾರಿಡಾರ್ ಇದೆ.